ಹಳಿ ಹಾಕಿದ ಭಾನುವಾರ

ಮಾದರಿ ರೈಲಿನ ಹವ್ಯಾಸಕ್ಕೆ ಇಳಿಯುವವರು ಸಾಮಾನ್ಯವಾಗಿ ಮೊದಲು ಎಂಜಿನ್ನಿಗೆ ಮನಸೋಲುತ್ತಾರೆ. ಹಳಿಯ ಯೋಚನೆ ಬರುವುದು ಆಮೇಲೆ. ನಾನು ಕೊಂಡದ್ದು ಎಂಜಿನ್, ಒಂದಷ್ಟು ಬೋಗಿಗಳು, ಅಂಡಾಕಾರವಾಗಿ ಜೋಡಿಸುವ ಹಳಿ ಹಾಗೂ 12 ವೋಲ್ಟಿನ ಕಂಟ್ರೋಲರ್ ಒಂದೇ ಪೆಟ್ಟಿಗೆಯಲ್ಲಿ ಬರುವ ಆರಂಭಿಕ ಸೆಟ್. ಬೆಂಗಳೂರಿನ ನಮ್ಮ ಮನೆಯ ನಡುಮನೆಯಲ್ಲಿ ಅದನ್ನು ನೆಲದ ಮೇಲೆ ಜೋಡಿಸುವುದು, ಕಸ ಗುಡಿಸುವ ಹೊತ್ತಿಗೆ ಬಿಚ್ಚಿಡುವುದು ಇದೇ ಆಗಿ, ಕೊನೆಗೆ ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಪ್ಲೈವುಡ್ ಮೇಲೆ ಕಾಯಂ ಹಳಿ ಹಾಕುವುದೆಂದು ನಿಶ್ಚಯಿಸಿದೆ. ಆ ಭಾನುವಾರ ಮೈಸೂರಿನಿಂದ ಸೋದರಮಾವ ಬಂದಿದ್ದರು. ರೈಲ್ವೆಯ ಪರ್ಮನೆಂಟ್ ವೇ ವಿಭಾಗದಲ್ಲಿ, ಅಂದರೆ ಹಳಿಯ ಉಸ್ತುವಾರಿಯಲ್ಲಿಯೇ, ನೌಕರಿ ಮುಗಿಸಿದವರು ಅವರು.

ಕಾಫಿ ಲೋಟ ಹಿಡಿದು ಬಂದ ಮಾವ ಮೊದಲು ಕೇಳಿದ್ದು ಗೇಜ್, ಅಂದರೆ ಎರಡು ಕಂಬಿಗಳ ನಡುವಿನ ಅಂತರ, ಎಷ್ಟು ಎಂದು. ನನ್ನದು ಎಚ್‌ಒ ಅಳತೆ. ನಿಜವಾದ ರೈಲಿನ 87ನೆಯ ಒಂದು ಭಾಗ, ಗೇಜ್ 16.5 ಮಿ.ಮೀ. ನಮ್ಮ ಬ್ರಾಡ್‌ಗೇಜಿನ 1676 ಮಿ.ಮೀ. ಅನ್ನು 87ರಿಂದ ಭಾಗಿಸಿದರೆ 19 ಮಿ.ಮೀ.ಗಿಂತ ಸ್ವಲ್ಪ ಹೆಚ್ಚು ಬರಬೇಕು. 16.5 ಬರುವುದು 1435 ಮಿ.ಮೀ. ಸ್ಟ್ಯಾಂಡರ್ಡ್ ಗೇಜಿಗೆ. ಹೀಗಾಗಿ ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿ, ಲೆಕ್ಕದ ಪ್ರಕಾರ, ಮೈಸೂರಿನ ರೈಲಿಗಿಂತ ನಮ್ಮ ಮೆಟ್ರೊಗೇ ಸರಿಯಾಗಿ ಹೊಂದುತ್ತದೆ. ಭಾರತೀಯ ರೈಲುಗಳ ಮಾದರಿ ಮಾಡುವವರಲ್ಲಿ ಹೆಚ್ಚಿನವರು ಈ ವ್ಯತ್ಯಾಸವನ್ನು ಒಪ್ಪಿಕೊಂಡೇ ಮುಂದುವರಿಯುತ್ತಾರೆ. ಮಾವನಿಗೆ ಇದು ಅಷ್ಟು ಸುಲಭಕ್ಕೆ ಒಪ್ಪಿಗೆಯಾಗಲಿಲ್ಲ.

ತಿರುವಿನ ತ್ರಿಜ್ಯವನ್ನು ಕೇಳಿದ ಮೇಲಂತೂ ಅವರು ಲೋಟವನ್ನೇ ಕೆಳಗಿಟ್ಟರು. ನನ್ನ ಹಲಗೆಯಲ್ಲಿ ಹಿಡಿಸುವುದು 18 ಇಂಚಿನ, ಅಂದರೆ ಸುಮಾರು 46 ಸೆಂ.ಮೀ. ತ್ರಿಜ್ಯದ ತಿರುವು. ನಿಜವಾದ ಅಳತೆಗೆ ಹಿಗ್ಗಿಸಿದರೆ ಅದು 40 ಮೀಟರ್. ಬ್ರಾಡ್‌ಗೇಜಿನಲ್ಲಿ ತೀರಾ ಕಡಿದಾದ 10 ಡಿಗ್ರಿ ತಿರುವೆಂದರೇ ತ್ರಿಜ್ಯ 175 ಮೀಟರ್ ಇರುತ್ತದೆ. "ನಲವತ್ತು ಮೀಟರಾ? ಅದರ ಮೇಲೆ ಗಾಡಿ ಬಿಟ್ಟಿದ್ದರೆ ನನ್ನ ಪೆನ್ಷನ್ನೂ ಹೋಗ್ತಿತ್ತು ಕಣೋ" ಎಂದರು. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ಘಾಟಿಯನ್ನು ಮಾಡಬೇಕೆಂಬ ನನ್ನ ಆಸೆಯನ್ನೂ ಅವರ ಮುಂದಿಟ್ಟೆ. 57 ಸುರಂಗಗಳಿರುವ ಆ 55 ಕಿ.ಮೀ. ದಾರಿ ಎಚ್‌ಒ ಅಳತೆಯಲ್ಲಿಯೂ 600 ಮೀಟರ್ ಮೀರುತ್ತದೆ, ಇರಲಿ. ಆದರೆ ಅಲ್ಲಿನ 50ಕ್ಕೆ 1ರ (50 ಮೀಟರ್ ಸಾಗಿದರೆ 1 ಮೀಟರ್) ಏರನ್ನಷ್ಟೇ ಇಟ್ಟುಕೊಂಡರೂ, ಒಂದು ಹಳಿಯ ಮೇಲಿಂದ ಇನ್ನೊಂದನ್ನು ದಾಟಿಸಲು ಬೇಕಾದ ಎಂಟು ಸೆಂ.ಮೀ. ಎತ್ತರಕ್ಕೆ ಏರುವುದಕ್ಕೇ 4 ಮೀಟರ್ ಹಳಿ ಬೇಕು, ಇಳಿಯಲು ಮತ್ತೆ ಅಷ್ಟೇ. ನನ್ನ ಇಡೀ ಸುತ್ತು ನಾಲ್ಕೂವರೆ ಮೀಟರ್ ಇದ್ದೀತು. ಘಾಟಿಯನ್ನು ಅಲ್ಲಿಗೇ ಬಿಟ್ಟು, ಬಯಲುಸೀಮೆಯ ಒಂದು ಸಣ್ಣ ಸ್ಟೇಷನ್ ಸಾಕೆಂದು ತೀರ್ಮಾನವಾಯಿತು.

ಕೆಲಸ ಆರಂಭವಾದದ್ದು ಆಮೇಲೆ. ಪೆನ್ಸಿಲ್ಲಿನಿಂದ ಗೆರೆ ಎಳೆದು, ಸದ್ದು ಕಡಿಮೆಯಾಗಲೆಂದು ಕಾರ್ಕ್ ಪಟ್ಟಿ ಅಂಟಿಸಿ, ಅದರ ಮೇಲೆ ಬೇಕಾದಂತೆ ಬಗ್ಗುವ ಹಳಿಯನ್ನು ಹಾಸಿದೆವು. ಇಂಥ ಹಳಿಯನ್ನು ಬಗ್ಗಿಸಿದಾಗ ಒಳಬದಿಯ ಕಂಬಿ ತುದಿಯಲ್ಲಿ ಹೊರಚಾಚುತ್ತದೆ. ಅದನ್ನು ಕತ್ತರಿಸಿ, ಅರದಿಂದ ಉಜ್ಜಿ, ಪುಟ್ಟ ಲೋಹದ ಜೋಡಣೆಯೊಳಗೆ ತೂರಿಸಬೇಕು. ಈ ಜೋಡಣೆಯನ್ನು ಮಾವ ಕೂಡಲೇ ಗುರುತಿಸಿ, ನಿಜವಾದ ಹಳಿಯಲ್ಲಿ ಕಂಬಿಗಳನ್ನು ಜೋಡಿಸುವ ಪಟ್ಟಿಯ ಹೆಸರಿನಿಂದ, ಫಿಶ್‌ಪ್ಲೇಟ್ ಎಂದೇ ಕರೆದರು. ಒಂದು ಸುತ್ತು ಮುಗಿಯುತ್ತಲೇ ಅವರು ಹಲಗೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಕೆನ್ನೆ ಹೆಚ್ಚುಕಡಿಮೆ ಪ್ಲೈವುಡ್ಡಿಗೆ ತಾಗುವಷ್ಟು ಬಗ್ಗಿ, ಒಂದು ಕಣ್ಣು ಮುಚ್ಚಿ ಕಂಬಿಯ ಉದ್ದಕ್ಕೂ ನೋಡಿದರು. "ಇಲ್ಲೊಂದು ಕಿಂಕ್ ಇದೆ. ಗಾಡಿ ಬಿದ್ದರೆ ಇಲ್ಲೇ ಬೀಳುತ್ತೆ." ಮೇಲಿನಿಂದ ನೋಡಿದರೆ ನನಗೆ ಏನೂ ಕಾಣುತ್ತಿರಲಿಲ್ಲ; ಅವರ ಜಾಗದಲ್ಲಿ ಕೂತು ನೋಡಿದಾಗ, ತಿರುವಿನ ನಡುವೆ ಬಂದಿದ್ದ ಜೋಡಣೆಯ ಬಳಿ ಎರಡೂ ತುಂಡುಗಳು ನೇರವಾಗಲು ಹವಣಿಸುತ್ತ ಸಣ್ಣ ಕೋನವಾಗಿ ನಿಂತದ್ದು ಸ್ಪಷ್ಟವಾಯಿತು. ಎಂಜಿನ್ ಬಿಟ್ಟು ಪರೀಕ್ಷಿಸಿದರೆ ಅದರ ಮುಂದಿನ ಚಕ್ರ ಅಲ್ಲಿಯೇ ಮೇಲೇರಿತು. ಇದಕ್ಕೆ ಉಪಾಯವೆಂದರೆ ಎರಡು ತುಂಡುಗಳನ್ನು ನೆಟ್ಟಗಿಟ್ಟು ಬೆಸುಗೆ ಹಾಕಿ ಒಂದೇ ಕಂಬಿಯಾಗಿಸಿ, ಆಮೇಲೆ ಬಗ್ಗಿಸುವುದು. ಬೆಸುಗೆಯ ಬಿಸಿಗೆ ಕಂಬಿಯ ಕೆಳಗಿನ ಅಡ್ಡಪಟ್ಟಿಗಳಾದ ಪ್ಲಾಸ್ಟಿಕ್ ಸ್ಲೀಪರುಗಳು ಕರಗದಿರಲೆಂದು ಜೋಡಣೆಯ ಎರಡೂ ಬದಿ ಒದ್ದೆ ಹತ್ತಿ ಇಟ್ಟುಕೊಂಡು, ಕಾದ ಕಡ್ಡಿಯನ್ನು ಕ್ಷಣಮಾತ್ರ ತಾಗಿಸಿ ತೆಗೆದೆವು.

ಊಟದ ನಂತರ ಎದುರಾದದ್ದು ವಿದ್ಯುತ್ತಿನ ಸಂಗತಿ, ಮತ್ತು ಅದರಲ್ಲಿ ಮಾವ ಕೈಚೆಲ್ಲಿ ಸೋಫಾಕ್ಕೆ ಹೋದರು. ಎರಡು ಕಂಬಿಗಳೇ ಎರಡು ತಂತಿಗಳಂತೆ ಮೋಟಾರಿಗೆ ವಿದ್ಯುತ್ ಒಯ್ಯುತ್ತವೆ. ಅವುಗಳ ಧನ ಋಣ ಅದಲುಬದಲಾದರೆ ರೈಲು ಹಿಂದಕ್ಕೆ ಚಲಿಸುತ್ತದೆ. ಕಂಟ್ರೋಲರಿನ ತಂತಿ ಸೇರುವ ಕಡೆ ಚುರುಕಾಗಿದ್ದ ಎಂಜಿನ್, ಹಲಗೆಯ ಆಚೆ ಬದಿಗೆ ಹೋದಂತೆ ಮಂದವಾಗುತ್ತಿತ್ತು. ಎಸ್.ಪಿ. ರಸ್ತೆಯಿಂದ ತಂದಿದ್ದ ಮಲ್ಟಿಮೀಟರ್ ಹಿಡಿದು ನೋಡಿದರೆ, ಬೆಸುಗೆಯಿಲ್ಲದ ಪ್ರತಿಯೊಂದು ಜೋಡಣೆಯಲ್ಲಿಯೂ ಅಷ್ಟಷ್ಟು ವೋಲ್ಟೇಜ್ ಸೋರಿಹೋಗುತ್ತಿತ್ತು. ಎಲ್ಲ ಜೋಡಣೆಗಳನ್ನೂ ಬೆಸೆದುಬಿಡುವುದು ಸರಿಯಲ್ಲ, ಏಕೆಂದರೆ ಬಿಸಿಲಿಗೆ, ತೇವಕ್ಕೆ ಹಲಗೆಯೂ ಕಂಬಿಯೂ ಹಿಗ್ಗಿ ಕುಗ್ಗಲು ಎಲ್ಲಿಯಾದರೂ ಎಡೆ ಬೇಕು. ಆದ್ದರಿಂದ ಹಲಗೆಯ ಅಡಿಯಲ್ಲಿ ಎರಡು ದಪ್ಪ ತಂತಿಗಳನ್ನು ಸುತ್ತಲೂ ಹಾಯಿಸಿ, ಅಲ್ಲಲ್ಲಿ ತೂತು ಕೊರೆದು, ಅವುಗಳಿಂದ ಸಣ್ಣ ತಂತಿಗಳನ್ನು ಮೇಲೆ ತಂದು ಕಂಬಿಯ ಹೊರಬದಿಗೆ ಬೆಸೆದೆ. ಈ ಹವ್ಯಾಸದಲ್ಲಿ ಕಣ್ಣಿಗೆ ಕಾಣದ ಕೆಲಸ ಇದೇ, ಮತ್ತು ನನ್ನ ಮಟ್ಟಿಗೆ ಇದರಷ್ಟು ತೃಪ್ತಿ ಎಂಜಿನ್ ಕೊಂಡದ್ದರಲ್ಲಿ ಇರಲಿಲ್ಲ.

ಸಂಜೆ ರೈಲು ಒಂದೇ ವೇಗದಲ್ಲಿ ಸುತ್ತು ಹಾಕತೊಡಗಿದಾಗ ಜಲ್ಲಿ ಹಾಕಿಬಿಡೋಣವೆಂದು ನಾನು ಹೊರಟೆ. ಮಾವ ತಡೆದರು. ಮಾದರಿಯ ಜಲ್ಲಿಯೆಂದರೆ ಸಣ್ಣ ಹರಳು. ಅದನ್ನು ಹರಡಿ, ನೀರು ಬೆರೆಸಿದ ಫೆವಿಕಾಲಿಗೆ ಒಂದು ಹನಿ ಪಾತ್ರೆ ತೊಳೆಯುವ ಸಾಬೂನಿನ ದ್ರವ ಸೇರಿಸಿ, ಡ್ರಾಪರಿನಿಂದ ತೊಟ್ಟಿಕ್ಕಿಸಿದರೆ ಮರುದಿನಕ್ಕೆ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಹಳಿಯನ್ನು ಅಲುಗಿಸುವುದು ಕಷ್ಟ. ಒಂದು ತಿಂಗಳಾದರೂ ಗಾಡಿ ಓಡಲಿ, ಎಲ್ಲಿ ತಪ್ಪುತ್ತದೆಂದು ಗುರುತು ಹಾಕಿಡು, ಜಲ್ಲಿ ಆಮೇಲೆ ಎಂದು ಹೇಳಿ ಅವರು ಮೈಸೂರಿನ ಗಾಡಿಗೆ ಹೊರಟರು. ಹಲಗೆಯ ಮೇಲೆ ಈಗ ಬರಿಯ ಕಾರ್ಕ್ ಮತ್ತು ಹಳಿ ಇವೆ, ಪಕ್ಕದಲ್ಲಿ ಒಂದು ಪೆನ್ಸಿಲ್.