ಹೊಸ ಬೂಟು, ಹಳೆ ಬೂಟು

ಮಂಡ್ಯ, 14 ಜುಲೈ 2024, ಭಾನುವಾರ

ಕಾನನ್ ಡಾಯ್ಲ್ ಬರೆದ ಷರ್ಲಾಕ್ ಹೋಮ್ಸ್ ಪತ್ತೇದಾರಿ ಸರಣಿಯ ಮೂರನೇ ಕಾದಂಬರಿ ‘ದ ಹೌಂಡ್ ಆಫ್ ದ ಬಾಸ್ಕರ್‌ವಿಲ್ಸ್’ ಇವತ್ತು ಎರಡನೇ ಸಲ ಮುಗಿಯಿತು. ಮೊದಲ ಓದಿನಲ್ಲಿ, ಬಾಸ್ಕರ್‌ವಿಲ್ ಮನೆತನವನ್ನು ಕಾಡುತ್ತದೆಂಬ ಭೂತ ನಾಯಿಯ ಭಯವೇ ಎಲ್ಲವನ್ನೂ ನುಂಗಿಬಿಡುತ್ತದೆ. ಕೊಲೆಗಾರ ಯಾರೆಂದು ಗೊತ್ತಿದ್ದು ಓದಿದಾಗಲೇ ಇದರ ಕಸುಬು ಕಣ್ಣಿಗೆ ಬೀಳುವುದು.

ಬೂಟಿನ ವಿಷಯವನ್ನೇ ನೋಡಿ. ಲಂಡನ್ನಿನ ಹೋಟೆಲಿನಲ್ಲಿ ಆ ಮನೆತನದ ಹೊಸ ವಾರಸುದಾರ ಸರ್ ಹೆನ್ರಿಯ ಕಂದು ಬೂಟು ಒಂದು ಕಾಣೆಯಾಗುತ್ತದೆ. ಆಗಷ್ಟೇ ಕೊಂಡದ್ದು, ಒಮ್ಮೆಯೂ ಕಾಲಿಗೆ ಹಾಕಿಲ್ಲ. ಆಮೇಲೆ ಹಳೆಯ ಕಪ್ಪು ಬೂಟು ಒಂದು ಹೋಗುತ್ತದೆ, ಕಂದು ಬೂಟು ಅದೇ ಕೋಣೆಯ ಬೀರುವಿನಡಿ ಸಿಗುತ್ತದೆ. ಹಾಕದ ಬೂಟಿಗೆ ಮೈವಾಸನೆ ಇರುವುದಿಲ್ಲ, ನಾಯಿಗೆ ಮೂಸಿಸಲು ಅದು ಪ್ರಯೋಜನವಿಲ್ಲ. ಹಾಗಾದರೆ ಇದು ಭೂತವಲ್ಲ, ಮೂಗಿರುವ ನಾಯಿ! ಇಷ್ಟೂ ಐದನೇ ಅಧ್ಯಾಯ ಮುಗಿಯುವುದರೊಳಗೇ ನಮ್ಮ ಮುಂದಿದೆ. ಆದರೆ ಸರ್ ಹೆನ್ರಿ ಹೋಟೆಲಿನ ಆಳಿನ ಮೇಲೆ ರೇಗಾಡುತ್ತಾನೆ, ನಾವು ನಗುತ್ತೇವೆ, ಸುಳಿವು ಕೈತಪ್ಪುತ್ತದೆ. ಸುಳಿವನ್ನು ನಗುವಿನಡಿ ಹೂತಿಡುವ ಈ ಉಪಾಯ ನನಗೆ ಇಡೀ ಪುಸ್ತಕದಲ್ಲೇ ಹೆಚ್ಚು ಇಷ್ಟ.

ಅವನ ದೊಡ್ಡಪ್ಪ ಸರ್ ಚಾರ್ಲ್ಸ್ ಸತ್ತ ಜಾಗದ ಲೆಕ್ಕವೂ ಅಷ್ಟೇ ಕರಾರುವಾಕ್ಕು. ಗೇಟಿನ ಬಳಿ ಚುಟ್ಟದ ಬೂದಿ ಎರಡು ಸಲ ಉದುರಿದೆ, ಅಂದರೆ ಐದು ಹತ್ತು ನಿಮಿಷ ನಿಂತು ಯಾರಿಗೋ ಕಾದಿದ್ದಾನೆ. ಅಲ್ಲಿಂದ ಮುಂದೆ ಹೆಜ್ಜೆಗುರುತಿನಲ್ಲಿ ಬೆರಳ ತುದಿ ಮಾತ್ರ ಮೂಡಿದೆ. ತುದಿಗಾಲಲ್ಲಿ ನಡೆದ ಎನ್ನುತ್ತಾರೆ ಎಲ್ಲರೂ. ಅವನು ಓಡಿದ್ದು.

ಓದುವವರಿಗೆ ಒಂದು ಮಾತು: ಪಕ್ಕದಲ್ಲಿ ನೋಟ್‌ಬುಕ್ ಇಟ್ಟು ತಾರೀಖು ಬರೆದುಕೊಳ್ಳಿ. ಕತೆ ಹೇಳುವ ಗೆಳೆಯ ವಾಟ್ಸನ್ ಹೋಮ್ಸ್‌ಗೆ ಬರೆದ ವರದಿಗಳು ಅಕ್ಟೋಬರ್ 13 ಮತ್ತು 15ರವು, ಹತ್ತನೇ ಅಧ್ಯಾಯ ಅವನ ದಿನಚರಿಯಿಂದ ತೆಗೆದದ್ದು. ಅಲ್ಲಿ ಅವನಿಗೆ ಮುಂದೇನೆಂದು ಗೊತ್ತಿಲ್ಲ, ಅದಕ್ಕೇ ದಿಗಿಲು ನಿಜವೆನಿಸುತ್ತದೆ. ಹೋಮ್ಸ್ ಆರನೇ ಅಧ್ಯಾಯದ ಆರಂಭದಲ್ಲಿ ಅವನನ್ನು ರೈಲು ಹತ್ತಿಸಿ ಮರೆಯಾದರೆ ಮತ್ತೆ ಬರುವುದು ಹನ್ನೊಂದರ ಕೊನೆಗೆ. ಸರಣಿಯ ನಾಯಕ ಸಾಯುವುದಿಲ್ಲ ಎಂಬ ಧೈರ್ಯ ಓದುಗನಿಗೆ ಇದ್ದೇ ಇರುತ್ತದೆ. ಅವನನ್ನೇ ಆಚೆ ಕಳಿಸಿದರೆ ಆ ಧೈರ್ಯವೂ ಹೋಯಿತು. ಕಾನನ್ ಡಾಯ್ಲ್ 1893ರಲ್ಲೇ ಹೋಮ್ಸ್‌ನನ್ನು ಜಲಪಾತಕ್ಕೆ ಬೀಳಿಸಿ ಮುಗಿಸಿದ್ದರು. 1901ರಲ್ಲಿ ಧಾರಾವಾಹಿಯಾಗಿ ಶುರುವಾದ ಇದನ್ನು ಅದಕ್ಕೂ ಹಿಂದಿನ ಪ್ರಕರಣವೆಂದು ಬರೆದರು. ಹಾಗಾಗಿ ಸಣ್ಣ ಕತೆಗಳನ್ನು ಓದದೆಯೂ ಇದನ್ನು ಹಿಡಿಯಬಹುದು.

ಕತೆ ನಡೆಯುವ ಬಯಲಿನಲ್ಲಿರುವ ಗ್ರಿಂಪೆನ್‌ನ ಹುದುಲು ನಮ್ಮ ಕಡೆಯವರಿಗೆ ಸುಲಭವಾಗಿ ಅರ್ಥವಾಗುತ್ತದೆ. ನಾಟಿಗೆ ಹದ ಮಾಡಿದ ಗದ್ದೆಯಲ್ಲಿ ಕಾಲು ಹೂತರೂ ಕೆಳಗೆ ಗಟ್ಟಿ ನೆಲ ಸಿಗುತ್ತದೆ. ಈ ಹುದುಲಿಗೆ ಆ ತಳವಿಲ್ಲ, ಮೇಲೆ ಮಾತ್ರ ಹಸಿರು. ಏಳನೇ ಅಧ್ಯಾಯದಲ್ಲಿ ಗಿಡ್ಡ ತಳಿಯ ಕುದುರೆಯೊಂದು ಕತ್ತು ಹೊರಳಿಸುತ್ತ ಮುಳುಗುವುದನ್ನು ಓದಿದ ಮೇಲೆ ಕೊನೆಯ ಮಂಜಿನ ರಾತ್ರಿಗೆ ಬೇರೆ ವಿವರಣೆಯೇ ಬೇಕಿಲ್ಲ.

ಪುಸ್ತಕ ಓದದವರು ಇಲ್ಲಿಗೇ ನಿಲ್ಲಿಸಿ.

ಕತ್ತಲಲ್ಲಿ ಹೊಳೆಯಲೆಂದು ನಾಯಿಯ ಮೂತಿಗೆ ಹಚ್ಚಿದ ರಂಜಕ (ಫಾಸ್ಫರಸ್) ಒಪ್ಪುವಂಥದ್ದಲ್ಲ. ಬಿಳಿ ರಂಜಕ ಸುಮಾರು 30 ಡಿಗ್ರಿಗೇ ಹೊತ್ತಿಕೊಳ್ಳುತ್ತದೆ, ನಾಯಿಯ ಮೈ ಅದಕ್ಕಿಂತ ಬಿಸಿ. ನೆಕ್ಕಿದರೆ ವಿಷ. ಬೆಳ್ಳುಳ್ಳಿಯಂಥ ವಾಸನೆ ಬೇರೆ. ವಾಸನೆಯ ಆಕ್ಷೇಪಣೆ ಲೇಖಕರಿಗೂ ಹೊಳೆದಿತ್ತು, ವಾಸನೆಯೇ ಇಲ್ಲದ ಜಾಣ ತಯಾರಿಕೆ ಎಂದು ಹೋಮ್ಸ್ ಬಾಯಲ್ಲಿ ಹೇಳಿಸಿದ್ದಾರೆ. ಸುಡುವುದಕ್ಕೆ ಉತ್ತರವಿಲ್ಲ.

ಇನ್ನೊಂದು ಬಿರುಕು ಹದಿನೈದನೇ ಅಧ್ಯಾಯದ್ದು. ಬೇರೆ ಹೆಸರಿನಲ್ಲಿ ಪಕ್ಕದಲ್ಲೇ ವಾಸವಿದ್ದ ಕೊಲೆಗಾರ ಆಮೇಲೆ ತಾನೇ ವಾರಸುದಾರನೆಂದು ಬಂದು ಆಸ್ತಿ ಕೇಳಿದರೆ ಅನುಮಾನ ಬರುವುದಿಲ್ಲವೇ ಎಂದು ವಾಟ್ಸನ್ ಸರಿಯಾಗಿಯೇ ಕೇಳುತ್ತಾನೆ. ಹೋಮ್ಸ್ ಮೂರು ದಾರಿ ತೋರಿಸುತ್ತಾನೆ: ದಕ್ಷಿಣ ಅಮೆರಿಕದಿಂದಲೇ ಹಕ್ಕು ಸಾಧಿಸುವುದು, ಲಂಡನ್ನಿನಲ್ಲಿ ವೇಷ ಮರೆಸಿಕೊಳ್ಳುವುದು, ಇನ್ನೊಬ್ಬನನ್ನು ವಾರಸುದಾರನಾಗಿ ನಿಲ್ಲಿಸುವುದು. ಎರಡನೇ ಓದಿನಲ್ಲೂ ಮೂರರಲ್ಲಿ ಒಂದೂ ಮನಸ್ಸಿಗೆ ಒಪ್ಪಲಿಲ್ಲ.