ಎಡಗಾಲಿನ ಅಭ್ಯಾಸ: ಹತ್ತು ವಾರಗಳ ದಾಖಲೆ

ವಾರ 1: ಭರತನಾಟ್ಯದ ಸೀನಿಯರ್ ಪರೀಕ್ಷೆಗೆ ಸಿದ್ಧತೆ ನಡೆಸಿರುವ ನನಗೆ ಒಂಟಿಕಾಲಿನ ಮೇಲೆ ಸುತ್ತುವ ಏಕಪಾದ ಭ್ರಮರಿ ಮುಗಿಸಿ ಎಡಗಾಲಿನ ಮೇಲೆ ನಿಲ್ಲುವುದೇ ಕಷ್ಟವಾಗಿದೆ. ‘ನೆಲ ಹಿಡಿದು ನಿಲ್ಲಮ್ಮ’ ಎಂದು ಗುರುಗಳು ಹೇಳುತ್ತಲೇ ಇದ್ದಾರೆ. ಕಣ್ಣು ಮುಚ್ಚಿ ಒಂಟಿಕಾಲಿನಲ್ಲಿ ನಿಂತು ಎಣಿಸಿದಾಗ ಬಲಗಾಲು 14 ಸೆಕೆಂಡು ತಾಳಿತು, ಎಡಗಾಲು ಬರೀ 6. ಕಣ್ಣು ಮುಚ್ಚಿದರೆ ಅಂಗಾಲು, ಕೀಲುಗಳು ಮತ್ತು ಒಳಕಿವಿ ಕೊಡುವ ಸುಳಿವನ್ನೇ ದೇಹ ನೆಚ್ಚಿಕೊಳ್ಳಬೇಕಾಗುವುದರಿಂದ, ಕೊರತೆ ಎಲ್ಲಿದೆಯೆಂಬುದು ಬೇಗ ಬಯಲಾಗುತ್ತದೆ.

ವಾರ 2: ಒದ್ದೆಗಾಲಿನಲ್ಲಿ ಮನೆಯ ಕೆಂಪು ನೆಲದ ಮೇಲೆ ನಿಂತು ನೋಡಿದೆ. ನೇರವಾಗಿ ನಿಂತಾಗ ಎಡಪಾದದ ಗುರುತಿನ ಒಳಬದಿಯಲ್ಲಿ ಕಮಾನಿನ ಖಾಲಿ ಜಾಗ ಸ್ಪಷ್ಟವಾಗಿತ್ತು; ಪಾದಗಳನ್ನು ಹೊರಕ್ಕೆ ತಿರುಗಿಸಿ, ಮಂಡಿ ಮಡಚಿ ಅರ್ಧ ಕೂರುವ ಅರೆಮಂಡಿ ಭಂಗಿಗೆ ಇಳಿದೊಡನೆ ಅದು ತುಂಬಿಹೋಗಿ ಇಡೀ ಅಂಗಾಲಿನ ಅಚ್ಚು ಮೂಡಿತು. ಅರೆಮಂಡಿಯ ತಿರುವು ಸೊಂಟದ ಕೀಲಿನಿಂದ ಬರಬೇಕು. ಅಲ್ಲಿ ದೊರೆಯದಷ್ಟು ತಿರುವನ್ನು ನಾನು ಪಾದಗಳಿಂದ ಎಳೆದು ತರುತ್ತಿದ್ದುದರಿಂದ, ಮಂಡಿ ಮುಂದಕ್ಕೆ ಜಾರಿ ಕಮಾನು ಒಳಕ್ಕೆ ಕುಸಿಯುತ್ತಿತ್ತು. ಮಂಡಿಯು ಎರಡನೆಯ ಬೆರಳಿನ ನೇರಕ್ಕೆ ಬರುವಷ್ಟೇ ಪಾದಗಳನ್ನು ತಿರುಗಿಸಲು ಗುರುಗಳು ಒಪ್ಪಿದರು. ಕನ್ನಡಿಯಲ್ಲಿ ಅರೆಮಂಡಿ ಕಿರಿದಾಗಿ ಕಂಡದ್ದು ನಿಜವಾಗಿಯೂ ನೋವುಂಟುಮಾಡಿತು.

ವಾರ 4: ಬೆರಳುಗಳನ್ನು ಮಡಚದೆ, ಹೆಬ್ಬೆರಳಿನ ಬುಡವನ್ನು ಹಿಮ್ಮಡಿಯ ಕಡೆಗೆ ಸೆಳೆದು ಕಮಾನನ್ನು ಎತ್ತಿ ಹಿಡಿಯುವ ವ್ಯಾಯಾಮವನ್ನು ದಿನಕ್ಕೆರಡು ಬಾರಿ ಮಾಡುತ್ತಿದ್ದೇನೆ. ಮೊದಲ ವಾರವೆಲ್ಲ ಬೆರಳುಗಳು ತಾವಾಗಿಯೇ ನೆಲವನ್ನು ಗೀರುತ್ತಿದ್ದವು, ಅಂಗಾಲಿನಲ್ಲಿ ಸೆಳೆತ ಬರುತ್ತಿತ್ತು. ಈಗ ಕುಳಿತು ಮಾಡಿದರೆ ಸರಿಯಾಗುತ್ತದೆ, ನಿಂತು ಮಾಡಿದರೆ ಅರ್ಧ.

ವಾರ 7: ಹಿಮ್ಮಡಿ ಎತ್ತುವ ಅಭ್ಯಾಸ. ಎಡಗಾಲೊಂದರ ಮೇಲೆಯೇ 9ರಿಂದ 16ಕ್ಕೆ ಬಂದಿದ್ದೇನೆ. ಎಣಿಕೆಗಿಂತ ರೀತಿ ಮುಖ್ಯ: ದಣಿದಾಗ ಭಾರ ಕಿರುಬೆರಳಿನ ಕಡೆಗೆ ವಾಲುತ್ತದೆ, ಕಾಲು ಉಳುಕುವುದೂ ಸಾಮಾನ್ಯವಾಗಿ ಆ ದಿಕ್ಕಿನಲ್ಲಿಯೇ. ಆದ್ದರಿಂದ ಎರಡೂ ಕಾಲುಗಳಲ್ಲಿ ಏಳುವಾಗ ಹಿಮ್ಮಡಿಗಳ ನಡುವೆ ಟೆನಿಸ್ ಚೆಂಡನ್ನು ಒತ್ತಿ ಹಿಡಿಯುತ್ತೇನೆ. ಹಿಡಿತ ಸಡಿಲವಾದರೆ ಚೆಂಡು ಬಿದ್ದು ತಪ್ಪನ್ನು ತೋರಿಸುತ್ತದೆ. ಮುಂಗಾಲಿನ ಮೇಲೆ ಎದ್ದು ಹಿಮ್ಮಡಿ ತಟ್ಟುವ ಕುದಿತ್ತಮೆಟ್ಟು ಎಂಬ ಅಡವಿನಲ್ಲಿ, ಅಂದರೆ ಮೂಲ ಹೆಜ್ಜೆಯಲ್ಲಿ, ಇದರ ಫಲ ಮೊದಲು ಕಂಡಿತು. ಎರಡನೆಯ ಕಾಲದಲ್ಲಿ, ಅಂದರೆ ಇಮ್ಮಡಿ ವೇಗದಲ್ಲಿ, ಎರಡೂ ಹಿಮ್ಮಡಿಗಳ ಪೆಟ್ಟು ಒಂದೇ ಸದ್ದಾಗಿ ಕೇಳಿಸತೊಡಗಿದೆ.

ವಾರ 10: ಕಣ್ಣು ಮುಚ್ಚಿ ಎಡಗಾಲಿನಲ್ಲಿ 15 ಸೆಕೆಂಡು. ಇಂದು ಗೆಜ್ಜೆ ಕಟ್ಟಿ, ಆದಿತಾಳದ ಒಂದು ಆವರ್ತನದುದ್ದಕ್ಕೂ, ಅಂದರೆ ಎಂಟು ಎಣಿಕೆಯಷ್ಟು ಹೊತ್ತು, ಒಂಟಿಕಾಲಿನಲ್ಲಿ ನಿಂತು ನೋಡಿದೆ. ಕಣ್ಣಿಗೆ ಕಾಣದ ನಡುಕವೂ ಗೆಜ್ಜೆಯಲ್ಲಿ ಕೇಳಿಸುತ್ತದೆ. ಮೊದಲು ಮೂರನೆಯ ಎಣಿಕೆಗೇ ಕಿಣಿಕಿಣಿ ಎನ್ನುತ್ತಿದ್ದ ಎಡಗಾಲು ಈ ಸಲ ಆರರವರೆಗೆ ಮೌನವಾಗಿತ್ತು. ಏಳು ಮತ್ತು ಎಂಟು ಇನ್ನೂ ಬಾಕಿ ಇವೆ.