ಚಿರೋಟಿ ಬಂತು, ಹಾಲು ಬರಲಿಲ್ಲ

ಮೈಸೂರಿನಲ್ಲಿ ಚಿಕ್ಕಪ್ಪನ ಮಗಳ ಮದುವೆ. ಊಟಕ್ಕೆ ದೊಡ್ಡಪ್ಪನ ಪಕ್ಕದ ಎಲೆ ಸಿಕ್ಕಿತು. ಅವರು ಪಂಕ್ತಿಗೆ ಕೂರುವ ಮೊದಲು ಅಡುಗೆಮನೆ ಕಡೆ ಒಂದು ಸುತ್ತು ಹಾಕಿಯೇ ಬರುವವರು. "ಹುಳಿ ಅನ್ನ ಜಾಸ್ತಿ ಹಾಕಿಸ್ಕೋಬೇಡ ಕಣೋ, ಚಿರೋಟಿ ಇದೆ" ಅಂದರು.

ನಮ್ಮ ಎಲೆ ಊಟದಲ್ಲಿ ಸಿಹಿ ಕಟ್ಟಕಡೆಗೆ ಬರುವುದಿಲ್ಲ ಅಲ್ವಾ. ಎಲೆಗೆ ಒಂದು ಚಮಚ ಪಾಯಸ ಶುರುವಿನಲ್ಲೇ ಬಿದ್ದಿರುತ್ತದೆ, ದೊಡ್ಡ ಸಿಹಿ ಬರುವುದು ಸಾರು, ಹುಳಿ ಆದ ಮೇಲೆ, ಆಮೇಲೆ ಮತ್ತೆ ಮೊಸರನ್ನ. ಎರಡಕ್ಕೂ ಹೊಟ್ಟೆಯಲ್ಲಿ ಜಾಗ ಇಟ್ಟುಕೊಳ್ಳಬೇಕು. ನಾನು ಹುಳಿ ಅನ್ನವನ್ನು ಸುಮ್ನೆ ಕಲಸುತ್ತಾ ಬಾಗಿಲು ನೋಡುತ್ತಿದ್ದೆ.

ಬಂತು. ಮುಂದೆ ಚಿರೋಟಿಯವರು, ಹಿಂದೆ ಸಕ್ಕರೆ ಪುಡಿಯವರು. ಅಂಗೈ ಅಗಲದ ಚಿರೋಟಿ, ಪದರ ಪದರವಾಗಿ ಬಿಟ್ಟುಕೊಂಡಿತ್ತು. ತೆಳ್ಳಗೆ ಲಟ್ಟಿಸಿದ ಹಾಳೆಗಳ ನಡುವೆ ತುಪ್ಪ, ಅಕ್ಕಿ ಹಿಟ್ಟಿನ ಸಾಟಿ ಸರಿಯಾಗಿ ಸವರಿದ್ದರೆ ಮಾತ್ರ ಎಣ್ಣೆಯಲ್ಲಿ ಹಾಗೆ ಅರಳುತ್ತದೆ. ದೊಡ್ಡಪ್ಪ ಅಂಗೈಯಿಂದ ಒತ್ತಿ ಪುಡಿ ಮಾಡಿದರು, ನಡುವೆ ಗುಂಡಿ ಮಾಡಿ ಸುತ್ತ ಕಟ್ಟೆ ಕಟ್ಟಿದರು, ಇಲ್ಲದಿದ್ದರೆ ಬಾದಾಮಿ ಹಾಲು ಎಲೆಯಿಂದ ಇಳಿದು ಸೀದಾ ಪಂಚೆ ಮೇಲೆ. ನಾನೂ ಹಾಗೇ ಮಾಡಿದೆ.

ಹಾಲಿನವರು ಇಲ್ಲ! ಅವರ ಜಗ್ಗು ಆಚೆ ಸಾಲಿನಲ್ಲೇ ಖಾಲಿಯಾಗಿ, ತುಂಬಿಸಿಕೊಂಡು ಬರಲು ಒಳಗೆ ಹೋಗಿದ್ದರಂತೆ. ಅಷ್ಟರಲ್ಲಿ ಅನ್ನದವರು ಬಂದು "ಮೊಸರಿಗೆ ಅನ್ನ?" ಅನ್ನಬೇಕೇ. ದೊಡ್ಡಪ್ಪ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರು. ಎದುರು ಸಾಲಿನ ಅಜ್ಜಿಯೊಬ್ಬರು ಕಾಯದೆ ಒಣ ಚಿರೋಟಿಯನ್ನೇ ತಿಂದುಬಿಟ್ಟರು, ಪಾಪ.

ಕೊನೆಗೂ ಹಾಲು ಬಂತು. ಬಿಸಿಬಿಸಿ, ಕೇಸರಿ ಬಣ್ಣ, ಏಲಕ್ಕಿ ಘಮ. ಸುರಿದ ಕೂಡಲೇ ತಿನ್ನಬೇಕು, ಕೆಳಗೆ ಮೆತ್ತಗಾಗಿ ಮೇಲೆ ಇನ್ನೂ ಗರಿಗರಿ ಇರುವಾಗಲೇ. ಈಗ ಬಫೆಗಳಲ್ಲಿ ಮೊದಲೇ ನೆನೆಸಿ ಕಪ್ಪಿನಲ್ಲಿ ಇಟ್ಟಿರುತ್ತಾರೆ, ಅದು ನನ್ನ ಲೆಕ್ಕದಲ್ಲಿ ಚಿರೋಟಿಯೇ ಅಲ್ಲ, ಗಂಜಿ.

ಚಿಕ್ಕಪ್ಪ "ಸಾವಕಾಶವಾಗಿ ಊಟ ಮಾಡಿ" ಅನ್ನುತ್ತಾ ಬಂದರು. ಸಾವಕಾಶ ಎಲ್ಲಿಂದ? ಮುಂದಿನ ಪಂಕ್ತಿಯವರು ಆಗಲೇ ನಮ್ಮ ಕುರ್ಚಿ ಹಿಡಿದು ನಿಂತಿದ್ದರು. "ಸಿಹಿ ಏನು ಮಾಡಿಸಿದ್ದಾರೆ?" ಅಂತ ಅವರಲ್ಲೊಬ್ಬರು ಕೇಳಿದರು. ದೊಡ್ಡಪ್ಪ ತಿರುಗದೆಯೇ, "ಚಿರೋಟಿ. ಹಾಲಿನವನು ಕಣ್ಣಿಗೆ ಬೀಳೋ ತನಕ ಪುಡಿ ಮಾಡಬೇಡಿ" ಅಂದರು.